ಅವ್ವನ ಅರ್ಧ ಕೌದಿ

ನನಗೆ ಎದೆಯ ಕ್ಯಾನ್ಸರ್ ಆಗಿತ್ತು. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ವರ್ಷ ಹಿಡಿಯಿತು. ನಮ್ಮ ಐನಾಪುರದಲ್ಲಿ ಯಾರೂ ಆ ಹೆಸರನ್ನು ಎತ್ತುವುದಿಲ್ಲ. ‘ಆ ಬ್ಯಾನಿ’ ಅನ್ನುತ್ತಾರೆ. ಹೆಸರು ಹಿಡಿದು ಕರೆದರೆ ಎಲ್ಲಿ ಓಗೊಟ್ಟು ತಮ್ಮ ಮನೆಗೂ ಬಂದುಬಿಡುತ್ತದೋ ಎಂಬ ಹೆದರಿಕೆ. ನೋಡಲು ಬಂದವರೆಲ್ಲ ಬಾಳೆಹಣ್ಣು ಇಟ್ಟು, ಮುಖ ಸಣ್ಣದು ಮಾಡಿಕೊಂಡು ಕುಳಿತು, ಹೋಗುವಾಗ ಬಾಗಿಲಲ್ಲಿ ನಮ್ಮ ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿ ಹೋಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಬಾಳೆಹಣ್ಣಲ್ಲ. ಇದನ್ನು ದಾಟಿ ಬಂದ ಹೆಂಗಸೊಬ್ಬಳು ಎದುರಿಗೆ ಕುಳಿತು, ‘ನಂಗೂ ಹಿಂಗ ಆಗಿತ್ತ ತಂಗಿ’ ಅಂದಿದ್ದರೆ ಸಾಕಿತ್ತು. ಈಗ ಆ ಮಾತನ್ನು ನಾನೇ ಹೇಳಬಹುದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕೌದಿ ಹೊಲಿಯುವವಳು. ಮನೆಮನೆಯಿಂದ ಹಳೆಯ ಸೀರೆ, ಧೋತರ, ಹರಿದ ಅಂಗಿ ತಂದುಕೊಡುತ್ತಾರೆ. ಅವನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ನಮ್ಮ ಪದ್ಧತಿ. ಕಲಿಸಿದವಳು ಅವ್ವ. ನನ್ನ ತವರು ನಿಪ್ಪಾಣಿ ಹತ್ತಿರದ ಅಕ್ಕೋಳ. ಅವ್ವ ಹಗಲೆಲ್ಲ ತಂಬಾಕಿನ ವಖಾರದಲ್ಲಿ ದುಡಿದು, ಸಂಜೆ ಬಂದು ಕೌದಿ ಹರವಿಕೊಂಡು ಕೂಡುತ್ತಿದ್ದಳು. ಅವಳ ಸೀರೆಗಳಿಗೆ ಎಷ್ಟು ಒಗೆದರೂ ತಂಬಾಕಿನ ವಾಸನೆ. ನಾನು ಸಣ್ಣವಳಿದ್ದಾಗ ನನ್ನ ಹೊಲಿಗೆ ಉದ್ದುದ್ದ ಬಿದ್ದರೆ ಅವಳು ಕೈಯಿಂದ ಬಟ್ಟೆ ಕಸಿದುಕೊಳ್ಳುತ್ತಿದ್ದಳು.

“ಏನವಾ ಇದು, ಎತ್ತಿನ ಹೆಜ್ಜಿ ಹಾಕ್ಕೊಂಡ ಹೊಂಟೀದಿ? ಬಿಚ್ಚ ಎಲ್ಲಾ. ಹೊಲಿಗಿ ಅಂದ್ರ ಜ್ವಾಳದ ಕಾಳ ಸಾಲಾಗಿ ಇಟ್ಟಂಗ ಇರಬೇಕ.”

ಬಿಚ್ಚುವುದನ್ನು ಅವ್ವ ನನಗೆ ಹೊಲಿಯುವುದಕ್ಕಿಂತ ಮೊದಲೇ ಕಲಿಸಿದಳು ಅಂದರೂ ತಪ್ಪಿಲ್ಲ. ಕೆಟ್ಟ ಸಾಲನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವಳಿಗೆ ಆಗಿಬರುತ್ತಿರಲಿಲ್ಲ. ನನಗೂ ಅದೇ ಚಟ ಅಂಟಿತು.

ಹನ್ನೆರಡು ವರ್ಷದ ಹಿಂದೆ ಅವ್ವ ಒಂದು ಮುಂಜಾನೆ ಎದ್ದೇಳಲಿಲ್ಲ. ‘ಪುಣ್ಯವಂತಿ, ಒಂದಿನ ನರಳಲಿಲ್ಲ, ಒಮ್ಮಿಗೇ ಹೋದಳು’ ಎಂದು ಅಕ್ಕೋಳದ ಜನ ಈಗಲೂ ಹೇಳುತ್ತಾರೆ. ಮೂಲೆಯಲ್ಲಿ ಅರ್ಧ ಹೊಲಿದ ಕೌದಿಯಿತ್ತು, ಅವಳದೇ ಸೀರೆಗಳದ್ದು, ಸೂಜಿ ಚುಚ್ಚಿದ್ದು ಚುಚ್ಚಿದಂತೇ. ಹಿರಿಯರು ಅದನ್ನು ಅವಳ ಜತೆಗೇ ಕಳಿಸಿಬಿಡಿ ಅಂದರು. ನಾನು ಯಾರಿಗೂ ಹೇಳದೆ ಚೀಲದಲ್ಲಿ ತುರುಕಿಕೊಂಡು ಐನಾಪುರಕ್ಕೆ ತಂದೆ. ಅದನ್ನು ನಾನೇ ಮುಗಿಸಬೇಕು, ಅವ್ವ ಎಲ್ಲಿ ನಿಲ್ಲಿಸಿದಳು, ನಾನೆಲ್ಲಿ ಹಿಡಿದೆ ಎನ್ನುವುದು ಯಾವ ಕಣ್ಣಿಗೂ ಗೊತ್ತಾಗಬಾರದು ಎಂದು ನಿಶ್ಚಯಿಸಿದ್ದೆ. ನಿಶ್ಚಯ ಮಾಡಿ ಟ್ರಂಕಿನಲ್ಲಿಟ್ಟೆ. ಊರವರ ಕೌದಿಗಳೆಲ್ಲ ಮುಗಿದವು, ಅವ್ವನದು ಮಾತ್ರ ಅಲ್ಲೇ ಉಳಿಯಿತು. ಕೆಲಸ ಇತ್ತು ಎನ್ನುವುದು ನೆವ. ಅದು ಮುಗಿದರೆ ಅವ್ವನ ಕೆಲಸವೂ ಮುಗಿದುಹೋಗುತ್ತದಲ್ಲ ಎಂಬುದು ಒಳಗಿನ ಮಾತು.

ಜಳಕ ಮಾಡುವಾಗ ಬಲಗಡೆ ಎದೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ಹತ್ತಿದಾಗ ಚಳಿಗಾಲ ಹತ್ತಿರವಿತ್ತು, ಕೌದಿಗೆ ಗಿರಾಕಿ ಬರುವ ಕಾಲ. ನೋವಿಲ್ಲ, ತನ್ನಷ್ಟಕ್ಕೆ ಕರಗುತ್ತದೆ ಅಂದುಕೊಂಡೆ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ ದಿನ ನಮ್ಮವರು ಒಂದು ಮಾತೂ ಬೈಯಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ಅವರದು. ಮಾತನ್ನೂ ತೂಗಿಯೇ ಆಡುವ ಮನುಷ್ಯ. ಮರುದಿನವೇ ರಜೆ ಹಾಕಿ, ಕಾಗವಾಡ ದಾಟಿಸಿ ಮಿರಜಕ್ಕೆ ಕರೆದುಕೊಂಡು ಹೋದರು.

ಮಿರಜದ ದವಾಖಾನೆಯಲ್ಲಿ ಸರದಿಗೆ ಕಾಯುತ್ತ ಕೂಡುವ ಆ ಬಾಕುಗಳು ನನಗೆ ಇನ್ನೂ ಕನಸಿನಲ್ಲಿ ಬರುತ್ತವೆ. ಗೋಡೆಯ ಮೇಲಿನದೆಲ್ಲ ಮರಾಠಿ, ಕುಳಿತವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರು. ಅಲ್ಲಿ ಯಾರೂ ಯಾರನ್ನೂ ‘ನಿಮಗೇನಾಗೇತಿ’ ಎಂದು ಕೇಳುವುದಿಲ್ಲ, ‘ಎಷ್ಟನೇ ಸಲಾ’ ಎಂದಷ್ಟೇ ಕೇಳುತ್ತಾರೆ. ನಾನು ಎಲ್ಲರ ಸೀರೆ ನೋಡುತ್ತ ಹೊತ್ತು ಕಳೆಯುತ್ತಿದ್ದೆ. ಈ ಹಸಿರು ನಡುವಿಗೆ ಒಳ್ಳೆಯದು, ಆ ಇಳಕಲ್ ಸೀರೆ ಅಂಚಿಗಾಗುತ್ತದೆ ಎಂದು ಮನಸ್ಸಿನಲ್ಲೇ ಕತ್ತರಿಸಿ ಜೋಡಿಸುತ್ತಿದ್ದೆ. ಹಾಗೆ ಜೋಡಿಸುತ್ತಿದ್ದಾಗಲೇ ನನ್ನ ಹೆಸರು ಕೂಗಿದರು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಕಾಗದ ನೋಡಿ, ನನ್ನ ಮುಖ ನೋಡಿ, ಹೆಸರು ಹಿಡಿದೇ ಹೇಳಿದಳು. ನಮ್ಮವರು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, ಕಲಸುಮೇಲೋಗರದ ಮರಾಠಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: ಇಕಿ ದಿನಾ ಬಗ್ಗಿ ಕುಂತು ಕೌದಿ ಹೊಲಿತಾಳ, ಅದಕ್ಕ ಆತೇನ್ರಿ? ಡಾಕ್ಟರಮ್ಮ ನಗಲಿಲ್ಲ. ಇಲ್ಲ ಕಾಕಾ, ಅದರಿಂದ ಆಗುವುದಿಲ್ಲ, ಆಕೆ ಏನೂ ತಪ್ಪು ಮಾಡಿಲ್ಲ ಎಂದಳು. ಆ ಕೊನೆಯ ಮಾತಿಗೆ ನನಗೆ ಅಳು ಬಂತು. ಅದುವರೆಗೆ ತಪ್ಪು ನನ್ನದೇ ಎಂದು ನಂಬಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ.

ನಮ್ಮ ಅತ್ತೆಗೆ ಮಾತ್ರ ಕಾರಣ ಗೊತ್ತಿತ್ತು. ಟ್ರಂಕಿನ ಕಡೆ ಬೆರಳು ಮಾಡಿ ತೋರಿಸಿದರು.

“ಸತ್ತಾಕಿ ಕೈಬಿಟ್ಟ ಕೆಲಸಾ ಮನಿಯಾಗ ಇಟ್ಕೋಬಾರದು ಅಂತ ಹತ್ತ ವರ್ಷದಿಂದ ಬಡ್ಕೊಳ್ಳಾಕತ್ತೀನಿ ಶೋಭಾ. ಒಂದ ಮುಗಸ, ಇಲ್ಲಾ ಕೃಷ್ಣಾ ಹೊಳಿಗೆ ಬಿಟ್ಟ ಬಾ.”

“ಮುಗಸ್ತೀನ್ರಿ ಅತ್ತ್ಯಾರ.”

“ಯಾವಾಗ?”

ಮೊದಲ ಬಾರಿಗೆ ನಿಜವಾದ ಹೆದರಿಕೆ ಆಗ ಹುಟ್ಟಿತು. ಸಾಯುವ ಹೆದರಿಕೆ ಒಂದು ಕಡೆಗಿರಲಿ. ಅವ್ವ ಅರ್ಧ ಬಿಟ್ಟದ್ದನ್ನು ನಾನೂ ಅರ್ಧ ಬಿಟ್ಟು ಹೋದರೆ?

ಆಪರೇಶನ್ ಆಯಿತು. ಎದೆಯ ಜತೆಗೆ ಬಲಗಡೆಯ ಕಂಕುಳಿನ ಗಂಟುಗಳನ್ನೂ ತೆಗೆದರು. ಇನ್ನು ಮುಂದೆ ಈ ಕೈಗೆ ಇಂಜೆಕ್ಷನ್ ಮಾಡಿಸಬಾರದು, ಭಾರ ಎತ್ತಬಾರದು, ಸುಟ್ಟುಕೊಳ್ಳಬಾರದು, ಏನೂ ಚುಚ್ಚದ ಹಾಗೆ ನೋಡಿಕೊಳ್ಳಬೇಕು, ಕೀವಾದರೆ ಕೈ ಬಾತು ಕುಳಿತುಬಿಡುತ್ತದೆ ಎಂದು ನರ್ಸ್ ಬಿಡಿಸಿ ಬಿಡಿಸಿ ಹೇಳಿದಳು. ಬರೀ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ದಿನಕ್ಕೆ ಮೂರು ಸಲ. ನಮ್ಮವರು ಸುಣ್ಣದ ಗೋಡೆಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ನಿನ್ನೆಗಿಂತ ಒಂದು ಬೆರಳು ಮೇಲೆ ಹೋದರೆ ‘ಶಾಬಾಸ್’ ಅನ್ನುತ್ತಿದ್ದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಶಾಬಾಸು ಅದು.

ಆಮೇಲೆ ಕೀಮೋ. ಅಲ್ಲಿಯೇ ನನಗೆ ಜೈತುನ್‌ಬಿ ಸಿಕ್ಕದ್ದು. ಕುಡಚಿಯಿಂದ ರೈಲಿಗೆ ಬರುತ್ತಿದ್ದಳು, ನನಗಿಂತ ಒಂದು ವರ್ಷ ಮೊದಲು ಇದೇ ದಾರಿ ತುಳಿದವಳು, ಆಗ ಬರೀ ತಪಾಸಣೆಗೆ ಬರುತ್ತಿದ್ದಳು. ನನ್ನ ತಲೆಗೂದಲು ಕೈಗೆ ಹಿಡಿಹಿಡಿಯಾಗಿ ಬಂದ ವಾರ ನಾನು ಸೆರಗು ಮುಚ್ಚಿಕೊಂಡು ಬಾಕಿನ ಮೂಲೆಯಲ್ಲಿ ಮುದುಡಿ ಕುಳಿತಿದ್ದೆ. ಪಕ್ಕಕ್ಕೆ ಬಂದು ಕುಳಿತವಳೇ ತನ್ನ ದುಪಟ್ಟ ಸರಿಸಿ ತಲೆ ತೋರಿಸಿದಳು.

“ನೋಡ ಬೇ. ನಂದೂ ಬೋಳಾಗಿತ್ತ. ಈಗ ನೋಡ, ಗುಂಗುರ ಬಂದಾವ. ಲಗ್ನದಾಗ ಸೈತ ಇಷ್ಟ ಚಂದ ಇದ್ದಿಲ್ಲ ನಾ.”

ಆ ಬಾಕಿನ ಮೇಲೆ ನಾವಿಬ್ಬರೂ ನಕ್ಕದ್ದು ಕೇಳಿ ಉಳಿದವರು ತಿರುಗಿ ನೋಡಿದರು. ‘ನಂಗೂ ಹಿಂಗ ಆಗಿತ್ತ’ ಅನ್ನುವವಳು ಕೊನೆಗೂ ಸಿಕ್ಕಿದ್ದಳು.

ಕೀಮೋದಲ್ಲಿ ಕೂದಲು ಹೋಗುತ್ತದೆಂದು ಎಲ್ಲರೂ ಹೇಳಿದ್ದರು. ಬೆರಳಿನದು ಯಾರೂ ಹೇಳಿರಲಿಲ್ಲ. ಬಲಗೈಯ ನಡುಬೆರಳ ತುದಿಯಲ್ಲಿ ನನಗೊಂದು ಗಟ್ಟಿ ಇತ್ತು. ಏಳು ಪದರ ಸೀರೆಯೊಳಗೆ ಸೂಜಿಯನ್ನು ಹಿಂದಿನಿಂದ ನೂಕಿ ನೂಕಿ, ಹುಡುಗಿಯಾಗಿದ್ದಾಗಿನಿಂದ ಕಟ್ಟಿದ ತೊಗಲು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ, ಅಂಗುಸ್ತಾನ, ಕೌದಿಯ ಹೆಂಗಸರು ಮುಟ್ಟುವುದಿಲ್ಲ. ನಮಗೆ ಆ ಗಟ್ಟಿಯೇ ಅಂಗುಸ್ತಾನ, ನಮ್ಮ ಹೆಮ್ಮೆ ಕೂಡ. ಮೂರನೇ ಕೀಮೋ ಆದ ಮೇಲೆ ಅಂಗೈ ಸುಲಿಯತೊಡಗಿತು. ಒಂದು ದಿನ ಆ ಗಟ್ಟಿಯೂ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗಿನ ತೊಗಲು ಕೂಸಿನದರಂತೆ ಕೆಂಪಗೆ, ಮೆತ್ತಗೆ. ಎದೆ ಹೋದಾಗ ಕಣ್ಣೀರು ತಡೆದುಕೊಂಡವಳು ಅಂದು ತಡೆಯಲಾರದೆ ಹೋದೆ.

ಆ ದಿನಗಳಲ್ಲಿ ಅವ್ವ ಬಹಳ ನೆನಪಾಗುತ್ತಿದ್ದಳು. ಐವತ್ತರ ಹೆಂಗಸು, ಬೆಳೆದ ಮಗಳ ತಾಯಿ, ಗೋಡೆಗೆ ಮುಖ ಮಾಡಿ ಮಲಗಿ ಅವ್ವಾ ಅವ್ವಾ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಟ್ರಂಕು ತೆಗೆದು ಆ ಅರ್ಧ ಕೌದಿಯಲ್ಲಿ ಮುಖ ಹುದುಗಿಸಿದೆ. ಇನ್ನೂ ಸಣ್ಣಗೆ ತಂಬಾಕಿನ ವಾಸನೆ ಇತ್ತು. ಮರುಗಳಿಗೆಯಲ್ಲೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಜಗತ್ತಿನಲ್ಲಿ ನನಗೆ ಬೇಕಾಗಿದ್ದ ಒಂದೇ ವಾಸನೆಯನ್ನು ಆ ಔಷಧ ನನ್ನಿಂದ ಕಸಿದುಕೊಂಡಿತ್ತು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೀಮೋ ಮುಗಿದ ಮೂರನೇ ವಾರಕ್ಕೆ ನನಗೆ ತಡೆಯಲಾಗಲಿಲ್ಲ. ನಮ್ಮವರು ಕಾರ್ಖಾನೆಗೆ, ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ಅವ್ವನ ಕೌದಿ ಹರವಿದೆ. ಅವಳ ಸೂಜಿಗೆ ತುಕ್ಕು ಹಿಡಿದಿತ್ತು. ಹೊಸದನ್ನು ತೆಗೆದುಕೊಂಡು, ಅವಳು ಬಿಟ್ಟ ತುದಿಯಿಂದ ಹಿಡಿದೆ. ಅವಳ ಹೊಲಿಗೆಯನ್ನು ನೋಡಲೂ ಇಲ್ಲ. ಅವ್ವನ ಹೊಲಿಗೆ ಪರೀಕ್ಷೆ ಮಾಡುವ ಬುದ್ಧಿ ನನಗೇಕೆ ಬರಬೇಕು? ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತಿತ್ತು, ಕಣ್ಣು ನೀರಾಡುತ್ತಿತ್ತು. ಆದರೂ ಹೀಗೇ ನಾಲ್ಕು ದಿನ, ಕದ್ದು ಕದ್ದು, ನಾಲ್ಕೈದು ಸಾಲು ಹೊಲಿದೆ. ಅಂಕುಡೊಂಕು ಸಾಲುಗಳು. ಐದನೆಯ ದಿನ ಪದರ ದಪ್ಪಗಿದ್ದಲ್ಲಿ ಸೂಜಿ ಸಿಕ್ಕಿಕೊಂಡಿತು. ಹುಡುಗಿಯಾಗಿದ್ದಾಗಿನಿಂದ ಮಾಡಿದ ಹಾಗೆ ನಡುಬೆರಳಿನಿಂದ ಜೋರಾಗಿ ನೂಕಿದೆ. ಗಟ್ಟಿ ಅಲ್ಲಿಲ್ಲ ಎನ್ನುವುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಸೂಜಿಯ ಹಿಂಭಾಗ ಬೆರಳೊಳಗೆ ನೆಟ್ಟಗೆ ಇಳಿಯಿತು.

ಎರಡು ದಿನಕ್ಕೆ ಮೈ ಕೆಂಡ, ಕೈ ಮೊಣಕೈವರೆಗೆ ಕೆಂಪಾಗಿ ಬಾತು ತೊಲೆ. ಮತ್ತೆ ಮಿರಜ, ಮತ್ತೆ ಬಾಟಲಿ. ಜ್ವರ ಇಳಿಯಿತು, ಬಾವು ಪೂರಾ ಇಳಿಯಲಿಲ್ಲ. ಮನೆಗೆ ಬಂದಾಗ ನನ್ನ ಸೂಜಿಯ ಡಬ್ಬಿ ಇದ್ದ ಜಾಗದಲ್ಲಿ ಇರಲಿಲ್ಲ.

“ಕಾರ್ಖಾನ್ಯಾಗ ನನ್ನ ಕಪಾಟಿನಾಗ ಐತಿ,” ಅಂದರು ನಮ್ಮವರು. “ಕೀಲಿ ಹಾಕೇನಿ. ಕೇಳಬ್ಯಾಡ.”

“ಕಬ್ಬಿನ ಕಾಟಾದಾಗ ಸೂಜಿ ತೂಗವ್ರದೀರೇನು?”

“ಶೋಭಾ, ನನಗ ಕೌದಿ ಬ್ಯಾಡ. ನೀ ಬೇಕ.”

ಇಂಥ ಮಾತನ್ನು ಅವರು ಎಂದೂ ಆಡಿದವರಲ್ಲ. ಏಳು ತಿಂಗಳು ಸೂಜಿ ಮುಟ್ಟಲಿಲ್ಲ.

ಆ ಏಳು ತಿಂಗಳ ಹಂಬಲವನ್ನು ಹೇಗೆ ಹೇಳಲಿ? ಹಸಿವನ್ನು ಹೇಳಬಹುದು, ಇದನ್ನು ಹೇಳಲು ಬರುವುದಿಲ್ಲ. ಮೊಸರು ಕಡೆಯುತ್ತಿದ್ದರೆ ಬೆರಳು ತಾನಾಗಿ ಸೂಜಿ ಹಿಡಿದಂತೆ ಕೂಡಿಕೊಳ್ಳುತ್ತಿತ್ತು. ಬೇರೆಯವರ ಮನೆಯ ಹಗ್ಗದ ಮೇಲೆ ಒಣಹಾಕಿದ ಕೌದಿ ಕಂಡರೆ ಹತ್ತಿರ ಹೋಗಿ ಸವರಿ ಬರುತ್ತಿದ್ದೆ. ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ಬಟ್ಟೆಯ ಗಂಟುಗಳನ್ನು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು, ಮಷಿನ್ನಿನಲ್ಲಿ ಹೊಲಿಸುತ್ತೇವೆ ಬಿಡ್ರಿ ಎಂದು. ಅವರ ತಪ್ಪಲ್ಲ. ಹೊಟ್ಟೆ ಮಾತ್ರ ಉರಿಯಿತು.

ದಾರಿ ತೋರಿಸಿದವಳು ಜೈತುನ್‌ಬಿ. ಅವಳ ತಮ್ಮ ಕುಡಚಿಯಲ್ಲಿ ದರ್ಜಿ. ಮುಂದಿನ ತಪಾಸಣೆಯ ದಿನ ಬಾಕಿನ ಮೇಲೆ ಕುಳಿತು, ದುಪಟ್ಟದ ಗಂಟು ಬಿಚ್ಚಿ, ಒಂದು ಉಕ್ಕಿನ ಅಂಗುಸ್ತಾನ ನನ್ನ ಬೆರಳಿಗೆ ಹಾಕಿದಳು. ಬರೋಬ್ಬರಿ ಕೂತಿತು.

“ನಾವ್ ಕೌದಿಯವ್ರು ಇದನ್ನ ಹಾಕೂದಿಲ್ಲ ಅಕ್ಕಾ,” ಅಂದೆ.

“ಕೂದಲಾ ಉದರಿಸ್ಕೋಳೂದೂ ನಿಮ್ಮ ರಿವಾಜ್ ಇದ್ದಿಲ್ಲ. ಉದರಿಸ್ಕೊಂಡಿ ಇಲ್ಲೋ? ಸುಮ್ಮ ಹಾಕ್ಕೋ.”

ಅವಳೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಇವಳು ಹೊಲಿಯಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದಳು. ದಿನಕ್ಕೆ ಒಂದು ತಾಸು, ಅಂಗುಸ್ತಾನ ಬಿಟ್ಟು ಹೊಲಿಯಕೂಡದು, ಕೈ ಭಾರವಾದರೆ ನಿಲ್ಲಿಸಬೇಕು. ಇದನ್ನು ಡಾಕ್ಟರಮ್ಮ ನಮ್ಮವರಿಗೂ ಹೇಳಿದ ಮೇಲೆ ಸೂಜಿಯ ಡಬ್ಬಿ ಕಾರ್ಖಾನೆಯಿಂದ ಮನೆಗೆ ಬಂತು.

ಅವ್ವನ ಕೌದಿ ಈಗ ಮುಗಿದಿದೆ, ನನ್ನ ಮಂಚದ ಮೇಲಿದೆ. ಮುಗಿದದ್ದು ದೊಡ್ಡ ಸಂಗತಿಯಲ್ಲ. ದಿನಾ ಒಂದು ತಾಸು ಕುಳಿತರೆ ಯಾವುದೂ ಮುಗಿಯುತ್ತದೆ. ನಾನು ಹೇಳಬೇಕಾದದ್ದು ಮತ್ತೆ ಶುರುಮಾಡಿದ ಆ ಮೊದಲ ದಿನದ ಮಾತು.

ಪಡಸಾಲೆಯಲ್ಲಿ ಕೌದಿ ಹರವಿದೆ. ಹೊಳೆಗೆ ಬಿಡು ಎನ್ನುತ್ತಿದ್ದ ಅತ್ತೆ ಎದುರಿಗೆ ಕುಳಿತು ಇನ್ನೊಂದು ತುದಿ ಹಿಡಿದುಕೊಂಡರು. ಈಗಲಾದರೂ ಪೀಡೆ ಮುಗಿಯಲಿ ಎಂದು ಹಿಡಿದರೋ, ನನ್ನ ಮೇಲಿನ ಕರುಣೆಗೋ, ಕೇಳಲಿಲ್ಲ. ಜ್ವರಕ್ಕೆ ಮೊದಲು ನಾನು ಹಾಕಿದ್ದ ಸಾಲುಗಳು ಕಣ್ಣಿಗೆ ರಾಚಿದವು. ಒಂದು ಉದ್ದ, ಒಂದು ಗಿಡ್ಡ, ಕುಡಿದವರು ನಡೆದಂತೆ. ಇವನ್ನು ಅವ್ವನ ಪಕ್ಕದಲ್ಲಿ ಬಿಡುವುದೇ? ಬಿಚ್ಚತೊಡಗಿದೆ. ಒಂದು ಸಾಲು, ಎರಡು ಸಾಲು, ಒಳಗಿನಿಂದ ಹೊರಗೆ. ಎಲ್ಲಿ ಜೋಳದ ಕಾಳು ಕಾಣುತ್ತದೋ ಅಲ್ಲಿಗೆ ನಿಲ್ಲಿಸಿದರಾಯಿತು. ಅಲ್ಲಿಂದ ಆಚೆಗಿನದು ಅವ್ವನದು. ಅಂಕುಡೊಂಕು ಸಾಲು ಮುಗಿಯಲೇ ಒಲ್ಲದು. ಎಷ್ಟು ಹೊಲಿದಿದ್ದೆನಪ್ಪಾ ಎಂದು ಬೈದುಕೊಳ್ಳುತ್ತ ಸರಸರ ಎಳೆದೆ.

ಎಳೆದ ದಾರ ಬೆರಳ ನಡುವೆ ಎರಡಾಗಿ ಬಿಚ್ಚಿಕೊಂಡಿತು.

ನಾನು ಹೊಲಿಯುವುದು ನಿಪ್ಪಾಣಿ ಪೇಟೆಯಿಂದ ತರಿಸಿದ ದಪ್ಪ ಒಂಟಿ ದಾರದಲ್ಲಿ. ತೆಳ್ಳಗಿನ ಎರಡು ಎಳೆ ಕೂಡಿಸಿ, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು ಹೊಲಿಯುತ್ತಿದ್ದವಳು ಅವ್ವ.

ಕೈ ಅಲ್ಲಿಗೇ ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದೆ. ಹೊರಗಿನ ಸುತ್ತುಗಳಲ್ಲಿ ಜೋಳದ ಕಾಳು ಸಾಲಾಗಿ ಕುಳಿತಿದ್ದವು. ಒಳಗೆ ಬಂದಂತೆ ಕಾಳು ಉದ್ದವಾಗುತ್ತ ಹೋಗಿ, ಒಂದು ಕಡೆ ಸೂಜಿ ಎರಡು ಸಲ ಅದೇ ಜಾಗದಲ್ಲಿ ತಡವರಿಸಿ, ಕೊನೆಕೊನೆಯ ಸಾಲುಗಳು ಥೇಟ್ ನನ್ನ ಸಾಲುಗಳೇ. ಬೇರೆ ಮಾಡಲು ನನ್ನಿಂದಲೇ ಆಗಿರಲಿಲ್ಲ.

“ಯಾಕ ನಿಂತಿ?” ಅತ್ತೆ ಕೇಳಿದರು.

“ಇದ ನಂದಲ್ಲರಿ. ಅವ್ವಂದು. ಅವ್ವಂದ ಬಿಚ್ಚೇನಿ.”

ಅತ್ತೆ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರು. “ನಿಮ್ಮವ್ವ ಹಿಂಗ ಹೊಲೀತಿದ್ದಿಲ್ಲಲಾ.”

“ಕೈ ಸೋತಿತ್ತರಿ ಆಕೀದು.”

ಅವ್ವ ಹೋಗುವ ಮೊದಲಿನ ದೀಪಾವಳಿಗೆ ಅಕ್ಕೋಳಕ್ಕೆ ಹೋಗಿದ್ದೆ. ಅವ್ವ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು. ನೋಡಿದ್ದೆ. ಕೇಳಿರಲಿಲ್ಲ. ಮರುದಿನವೇ ಮುಗಿಸಿಕೊಡಬೇಕಾದ ಕೌದಿ ಇದೆಯೆಂದು ಬಸ್ಸು ಹತ್ತಿದ್ದೆ. ಒಮ್ಮಿಗೇ ಹೋದಳಂತೆ! ಹೋಗುವ ಎಷ್ಟೋ ವಾರ ಮೊದಲೇ ಅವಳ ಕೈ ಹೋಗುತ್ತಿತ್ತು, ಕೆಟ್ಟ ಸಾಲನ್ನು ಬಿಚ್ಚಿ ಹಾಕುವ ಶಕ್ತಿಯೂ ಉಳಿದಿರಲಿಲ್ಲ, ಯಾರಿಗೂ ಹೇಳದೆ ಕುಳಿತು ಹೊಲಿಯುತ್ತಿದ್ದಳು. ನಾನು ಎದೆಯ ಗಂಟನ್ನು ಮುಚ್ಚಿಟ್ಟುಕೊಂಡು ಹೊಲಿದ ಹಾಗೆ. ಅವ್ವಾ, ನನಗ ಯಾಕ ಹೇಳಲಿಲ್ಲ? ಈಗಾದರೆ ನಾನು ಕೇಳುತ್ತಿದ್ದೆ. ನಿನ್ನ ಕೈಯನ್ನು ಗೋಡೆಗೆ ಹತ್ತಿಸುತ್ತಿದ್ದೆ, ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದೆ.

ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆ ಎದ್ದು, ತಾವು ಹಿಡಿದ ತುದಿಯನ್ನು ಬಾಗಿಲ ಬೆಳಕಿಗೆ ಎತ್ತಿದರು.

“ಇಲ್ಲಿ ಬಾ, ನೋಡ. ತೂತ ಹಂಗ ಅದಾವ.”

ಹಳೆಯ ಸೀರೆಯ ಮೇಲೆ ಅವ್ವನ ಸೂಜಿಯ ತೂತುಗಳು ಒಂದರ ಹಿಂದೊಂದು ಮಿನುಗುತ್ತಿದ್ದವು. ಒಂದು ಹತ್ತಿರ, ಒಂದು ದೂರ, ಒಂದು ಸ್ವಲ್ಪ ಕೆಳಗೆ. ನನ್ನ ಸಾಲುಗಳ ಹೊಸ ತೂತುಗಳು ಬಿಚ್ಚಿದೊಡನೆ ಕೂಡಿಹೋಗಿದ್ದವು, ವರ್ಷಗಟ್ಟಲೆ ದಾರ ಹೊತ್ತವು ಮಾತ್ರ ಉಳಿದಿದ್ದವು. ನಾನು ತೆಳ್ಳನೆಯ ದಾರ ಹುಡುಕಿ, ಎರಡು ಎಳೆ ಕೂಡಿಸಿ, ತೊಡೆಯ ಮೇಲಿಟ್ಟು ಹೊಸೆದೆ. ಅಂಗುಸ್ತಾನ ಹಾಕಿಕೊಂಡು ಕುಳಿತೆ. ಅವ್ವ ಚುಚ್ಚಿದಲ್ಲೇ ಚುಚ್ಚಿದೆ, ಅವಳು ಎತ್ತಿದಲ್ಲೇ ಎತ್ತಿದೆ. ಅವಳು ತಡವರಿಸಿದ ಕಡೆ ನಾನೂ ಎರಡು ಸಲ ಚುಚ್ಚಿದೆ. ನನ್ನ ಜೋಮು ಹಿಡಿದ ಕೈಗೆ ಆ ಉದ್ದುದ್ದ ಹೊಲಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಅವಳೇ ನನ್ನ ಕೈ ಹಿಡಿದು ನಡೆಸುತ್ತಿದ್ದಾಳೆ ಅನ್ನಿಸಿತು. ಹನ್ನೆರಡು ವರ್ಷದಲ್ಲಿ ಅವ್ವನಿಗೆ ಅಷ್ಟು ಹತ್ತಿರ ನಾನು ಹೋಗಿರಲಿಲ್ಲ. ನಿಧಾನ, ನಿಧಾನ ಹೊಲಿದೆ, ಮುಗಿಯದಿರಲಿ ಎಂದು.

ಒಂದು ಕಡೆ ಬಂದು ತೂತುಗಳು ಮುಗಿದವು. ಮುಂದೆ ಬರೀ ಸೀರೆ.

ಸೂಜಿ ಹಿಡಿದುಕೊಂಡು ಕುಳಿತೇ ಇದ್ದೆ.

“ಮುಂದ ಎಲ್ಲಿ ಚುಚ್ಚಲಿ?” ಎಂದೆ. ನಾನು ಕೇಳಿದ್ದು ಅವ್ವನನ್ನು.

“ಅದರ ಮಗ್ಗಲಕ್ಕ ಚುಚ್ಚ,” ಅಂದರು ಅತ್ತೆ. “ನಾ ಹಿಡದೀನಿ.”